ಅವರು 18 ತಿಂಗಳಾದರೂ ಕೊಡುತ್ತಾರೆ, ನಾವು?

ಬ್ರಿಟನ್ನಿನ ಕೋವೆಂಟ್ರಿಯ ನಮ್ಮ ಮನೆಗೆ ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ ದಾವಣಗೆರೆಯ ಹುಡುಗ, ಬಿಸಿಬೇಳೆಬಾತ್ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಲೇ ಇದ್ದ. ಅವನು ಮಾಸ್ಟರ್ಸ್‌ಗೆ ಸೇರಿದ್ದು ಜನವರಿ ಬ್ಯಾಚಿಗೆ. ಓದು ಮುಗಿದ ಮೇಲೆ ಇಲ್ಲೇ ಉಳಿದು ಕೆಲಸ ಮಾಡಲು ಸಿಗುವ ಗ್ರಾಜುಯೇಟ್ ವೀಸಾಗೆ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷ ಇಲ್ಲ, 18 ತಿಂಗಳು ಮಾತ್ರ. ಸೆಪ್ಟೆಂಬರಿನಲ್ಲೇ ಸೇರಿದ್ದ ಅವನ ಗೆಳೆಯರು ಈ ಗಡುವಿನ ಒಳಗೆ ಬಚಾವಾಗುತ್ತಾರೆ, ಇವನು ಸಿಕ್ಕಿಕೊಂಡ. ಮನೆಯಲ್ಲಿದ್ದವರೆಲ್ಲ ಸಿಟ್ಟಾದರು. "ಇವರಿಗೆ ನಮ್ಮ ದುಡ್ಡು ಬೇಕು, ನಾವು ಬೇಡ" ಅಂದರು.

ವಿಡಿಯೋ ಕಾಲ್‌ನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಮೈಸೂರಿನಿಂದ ಒಂದೇ ಮಾತು ಹೇಳಿದರು. "ಅಷ್ಟಾದ್ರೂ ಕೊಡ್ತಾರಲ್ಲಪ್ಪ. ನಮ್ಮ ಮಹಡಿ ಮೇಲಿದ್ದ ಹುಡುಗನಿಗೆ ನಾವೇನು ಕೊಟ್ವಿ?"

ಆ ಮಾತು ಚುರುಕ್ ಅಂತು.

ಸರಸ್ವತಿಪುರಂನ ನಮ್ಮ ಮನೆಯ ಮಹಡಿಯಲ್ಲಿ ಯೆಮೆನ್ ದೇಶದ ಹುಡುಗನೊಬ್ಬ ಬಾಡಿಗೆಗಿದ್ದ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ನಡೆದೇ ಹೋಗುತ್ತಿದ್ದ. ದೇವರಾಜ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಮಾಡಿ ಕನ್ನಡ ಕಲಿತ. ಕರೆಂಟ್ ಹೋದರೆ ಮೆಟ್ಟಿಲ ಮೇಲಿಂದಲೇ "ಅಮ್ಮ, ನಿಮ್ಮಲ್ಲೂ ಇಲ್ವಾ?" ಅಂತ ಕೂಗುತ್ತಿದ್ದ. ಕಂಪ್ಯೂಟರ್ ಸೈನ್ಸ್ ಮುಗಿಸಿದಾಗ ಮೈಸೂರಿನ ಹೆಬ್ಬಾಳದ ಒಂದು ಸಣ್ಣ ಕಂಪನಿ ಅವನನ್ನು ತೆಗೆದುಕೊಳ್ಳಲು ಸಿದ್ಧವಿತ್ತು. ಆದರೆ ನಮ್ಮ ದೇಶದಲ್ಲಿ ಉದ್ಯೋಗ ವೀಸಾ ಬೇಕೆಂದರೆ, ಕೆಲವು ವಿನಾಯಿತಿ ಬಿಟ್ಟು, ವರ್ಷಕ್ಕೆ 16.25 ಲಕ್ಷಕ್ಕಿಂತ ಜಾಸ್ತಿ ಸಂಬಳ ಇರಬೇಕು. ಆಗಷ್ಟೇ ಓದು ಮುಗಿಸಿದವನಿಗೆ ಮೈಸೂರಿನಲ್ಲಿ ಅಷ್ಟು ಯಾರು ಕೊಡುತ್ತಾರೆ? ನಮ್ಮ ಮಕ್ಕಳಿಗೇ ಕೊಡುವುದಿಲ್ಲ. ಹಾಸಿಗೆ, ಕುಕ್ಕರ್ ಎಲ್ಲ ಅಮ್ಮನಿಗೇ ಬಿಟ್ಟು ಹೊರಟ.

ಇಲ್ಲಿನ ಗ್ರಾಜುಯೇಟ್ ವೀಸಾದಲ್ಲಿ ನನಗೆ ತುಂಬಾ ಹಿಡಿಸುವುದು ಅದರ ಅವಧಿಯಲ್ಲ. ಯಾರ ಕೈಕಾಲೂ ಹಿಡಿಯಬೇಕಿಲ್ಲ ಅನ್ನುವುದು. ಕಂಪನಿಯ ಸ್ಪಾನ್ಸರ್ ಬೇಡ, ಇಷ್ಟೇ ಸಂಬಳ ಇರಬೇಕೆಂಬ ಷರತ್ತಿಲ್ಲ. ಬೆಳಿಗ್ಗೆ ಗೋದಾಮಿನಲ್ಲಿ ದುಡಿದು ಮಧ್ಯಾಹ್ನ ಇಂಟರ್‌ವ್ಯೂಗೆ ಹೋಗಬಹುದು. ಓದಿದ ಊರಿನಲ್ಲೇ ನಿಂತು ಉಸಿರಾಡಲು ಒಂದಿಷ್ಟು ಕಾಲ ಸಿಗುತ್ತದೆ. ಇದೇ ಬ್ರಿಟನ್ 2012ರಲ್ಲಿ ಇಂಥದ್ದೇ ವೀಸಾವನ್ನು ಮುಚ್ಚಿತ್ತು. 2021ರ ಜುಲೈನಲ್ಲಿ ಮತ್ತೆ ಬಾಗಿಲು ತೆರೆಯಿತು. ಈಗ ಅರ್ಧ ಬಾಗಿಲು ಮುಚ್ಚುತ್ತಿದೆ, ನಿಜ. ನಾವು ಬಾಗಿಲನ್ನೇ ಇಟ್ಟಿಲ್ಲ. 'ಸ್ಟಡಿ ಇನ್ ಇಂಡಿಯಾ' ಅಂತ 2018ರಿಂದ ಪರದೇಶದ ಮಕ್ಕಳನ್ನು ಕರೆಯುತ್ತಿದ್ದೇವೆ. ಓದಿ ಆದ ಮೇಲೆ ಏನು ಅಂತ ಯಾರೂ ಹೇಳುವುದಿಲ್ಲ. ವೀಸಾನೇ ಬೇಡದ ನೇಪಾಳ, ಭೂತಾನದವರ ಮಾತು ಬೇರೆ. ಉಳಿದವರು ಗಂಟುಮೂಟೆ ಕಟ್ಟಬೇಕು. ಕನ್ನಡ ಕಲಿಯದವರ ಮೇಲೆ ಅಷ್ಟು ಬೇಸರಪಡುವ ನಾವು, ಕಲಿತವನನ್ನು ಹೀಗೆ ಕಳಿಸಿಬಿಡುವುದು ನ್ಯಾಯವಾ ಅಂತ ಒಮ್ಮೆಯೂ ಕೇಳಿಕೊಂಡಿಲ್ಲ.

ಬ್ರಿಟನ್ ಇದನ್ನೇನೂ ಪುಣ್ಯಕ್ಕೆ ಕೊಡುತ್ತಿಲ್ಲ, ಒಪ್ಪುತ್ತೇನೆ. ಇಲ್ಲಿನವರಿಗಿಂತ ತುಂಬಾ ಜಾಸ್ತಿ ಫೀಸು ಕಿತ್ತುಕೊಂಡ ಮೇಲೆ, ಆರೋಗ್ಯದ ಸರ್‌ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್ ಬೇರೆ ಕಟ್ಟಿಸಿಕೊಳ್ಳುತ್ತದೆ. ಈ ವೀಸಾವನ್ನು ಮುಂದುವರಿಸಲೂ ಬರುವುದಿಲ್ಲ. ಆಮೇಲೂ ಉಳಿಯಬೇಕೆಂದರೆ ಸ್ಪಾನ್ಸರ್ ಮಾಡುವ ಕಂಪನಿ ಸಿಗಬೇಕು. ಹೊಸಬರಿಗಿರುವ ರಿಯಾಯಿತಿಯಲ್ಲೂ ಸಾಮಾನ್ಯವಾಗಿ 33,400 ಪೌಂಡ್ ಸಂಬಳ ಇರಬೇಕು. ಬ್ಯಾಂಕ್ ಸಾಲ ತಲೆ ಮೇಲಿರುವ ಹುಡುಗರಿಗೆ ಆರು ತಿಂಗಳು ಕಡಿಮೆಯಾಗುವುದು ಸಣ್ಣ ವಿಷಯವಲ್ಲ. ಊರಿನಲ್ಲಿ ನಮ್ಮದೇ ಇಂಜಿನಿಯರುಗಳು ಕೆಲಸವಿಲ್ಲದೆ ಅಲೆಯುತ್ತಿರುವಾಗ ಹೊರಗಿನವರಿಗೆ ಜಾಗ ಕೊಡಿ ಅನ್ನುವುದೂ ಸುಲಭವಲ್ಲ. ನನ್ನ ತಂಗಿಯ ಮಗನೇ ಕೆಲಸ ಹುಡುಕುತ್ತಿದ್ದಾನೆ. ಅವಳ ಮುಂದೆ ಈ ಮಾತು ಎತ್ತಲು ನನಗೂ ಕಷ್ಟ. ಆದರೂ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಓದಿ ಪಾಸಾದವರಿಗೆ, ಸಂಬಳದ ಷರತ್ತಿಲ್ಲದೆ ಒಂದು ವರ್ಷ ಕೊಡಬಹುದು. ನಮ್ಮ ಸಂಸದರಲ್ಲಿ ಒಬ್ಬರಾದರೂ ಇದನ್ನು ದೆಹಲಿಯಲ್ಲಿ ಕೇಳಲಿ.