ಸ್ಪೀಡ್ ಟೆಸ್ಟ್‌ನಲ್ಲಿ 300 ಬಂದ ಮಾತ್ರಕ್ಕೆ ವೈಫೈ ಸರಿಯಿದೆ ಅಂತಲ್ಲ

‘ಸ್ಪೀಡ್ ಟೆಸ್ಟ್‌ನಲ್ಲಿ 300 ಎಂಬಿಪಿಎಸ್ ಬಂದರೆ ವೈಫೈಗೆ ಏನೂ ಆಗಿಲ್ಲ, ವಿಡಿಯೊ ಕಾಲ್ ತಡವರಿಸಿದರೆ ತಪ್ಪು ಆ್ಯಪ್‌ನದ್ದೇ’ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಟೆಸ್ಟ್ ಸುಳ್ಳು ಹೇಳುವುದಿಲ್ಲ, ಅದು ಅಳೆಯುವುದೇ ಬೇರೆ. ಸಾಮಾನ್ಯವಾಗಿ ಹತ್ತಿರದ ಸರ್ವರ್ ಹಿಡಿದು, ಒಟ್ಟಿಗೆ ಹಲವು ಕನೆಕ್ಷನ್ ತೆರೆದು, ಕೆಲವು ಸೆಕೆಂಡು ಆದಷ್ಟೂ ಡೇಟಾ ಹರಿಸುತ್ತದೆ. ಕೊನೆಗೆ ಸಿಗುವುದು ಒಂದೇ ಅಂಕಿ. ನಡುವೆ ಅರ್ಧ ಸೆಕೆಂಡು ವೈಫೈ ನಿಂತರೂ ಆ ಅಂಕಿಯಲ್ಲಿ ಕಾಣುವುದಿಲ್ಲ. ಕಾಲ್‌ಗೆ ಕೆಲವೇ ಎಂಬಿಪಿಎಸ್ ಸಾಕು, ಆದರೆ ಆ ಅರ್ಧ ಸೆಕೆಂಡಿನಲ್ಲಿ ಎರಡು ಪದ ನುಂಗಿಹೋಗುತ್ತವೆ. ತೊಂದರೆ ಇರುವುದು ಅಲ್ಲೇ ಅಲ್ವಾ?

ಪಿಂಗ್, ಅಂದರೆ ಡೇಟಾ ಸರ್ವರ್‌ಗೆ ಹೋಗಿ ಮರಳಲು ಹಿಡಿಯುವ ಸಮಯ, ಅದರ ಕಥೆಯೂ ಹೀಗೇ. ಹೆಚ್ಚಿನ ಟೆಸ್ಟ್‌ಗಳು ದೊಡ್ಡದಾಗಿ ತೋರಿಸುವುದು ಲೈನ್ ಖಾಲಿ ಇದ್ದಾಗಿನ ಪಿಂಗ್. ಅದೇ ವೈಫೈನಲ್ಲಿ ಇನ್ನೊಬ್ಬರು ಫೋಟೊ ಅಪ್‌ಲೋಡ್ ಮಾಡತೊಡಗಿದರೆ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಂಡುಗಳು) ರೂಟರ್‌ನಲ್ಲಿ ಸಾಲು ನಿಲ್ಲುತ್ತವೆ. 20 ಮಿಲಿಸೆಕೆಂಡು ಇದ್ದದ್ದು ನೂರಾರಕ್ಕೆ ಏರಬಹುದು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ.

ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಟೂಲ್ ಬಳಸುವವರಿಗೂ ಒಂದು ಮಾತು: ಯುಡಿಪಿ (ತಲುಪಿತೇ ಎಂದು ಕಾಯದೆ ಡೇಟಾ ಕಳಿಸುವ ವಿಧಾನ) ಟೆಸ್ಟ್‌ನಲ್ಲಿ ವೇಗ ನಮೂದಿಸದಿದ್ದರೆ ಅದು ಕಳಿಸುವುದೇ 1 ಎಂಬಿಪಿಎಸ್. ಅದನ್ನು ನೋಡಿ ಸುಮ್ನೆ ರೂಟರ್ ಬದಲಿಸಬೇಡಿ.

ನಿಜ ತಿಳಿಯಬೇಕಾದರೆ ನೀವು ಕೂರುವ ಜಾಗದಿಂದಲೇ, ದೊಡ್ಡ ಫೈಲ್ ಅಪ್‌ಲೋಡ್ ಆಗುತ್ತಿರುವಾಗ, ಮೊದಲು ರೂಟರ್‌ಗೆ, ಆಮೇಲೆ ಹೊರಗಿನ ಸರ್ವರ್‌ಗೆ ಪಿಂಗ್ ಓಡಿಸಿ. ರೂಟರ್‌ವರೆಗಿನ ಪಿಂಗೇ ಜಿಗಿದಾಡುತ್ತಿದ್ದರೆ ಮೊದಲು ವೈಫೈಯನ್ನೇ ಅನುಮಾನಿಸಿ.