ಗ್ಯಾಲಹರ್ ಕುರಿತ ಲೇಖನಕ್ಕೆ ಒಂದು ಪೂರಕ ಟಿಪ್ಪಣಿ
1905ರ ಬ್ರಿಟನ್ ಪ್ರವಾಸದಲ್ಲಿ ನ್ಯೂಜಿಲೆಂಡ್ ರಗ್ಬಿ ತಂಡದ ನಾಯಕರಾಗಿದ್ದ ಡೇವ್ ಗ್ಯಾಲಹರ್ ಅವರ ಹೆಸರು ಉಳಿದಿರುವುದು ವೇಲ್ಸ್‌ನ ಕಾರ್ಡಿಫ್‌ನ ಸೋಲಿನಿಂದ ಎಂಬ ಲೇಖಕರ ಅಭಿಪ್ರಾಯವನ್ನು ನಾನು ಪೂರ್ಣವಾಗಿ ಒಪ್ಪಲಾರೆ. 1905ರ ಡಿಸೆಂಬರ್ 16ರಂದು ವೇಲ್ಸ್ ಎದುರು ನ್ಯೂಜಿಲೆಂಡ್ 0-3 ಅಂತರದಿಂದ ಸೋತದ್ದೂ, ನ್ಯೂಜಿಲೆಂಡ್ ಆಟಗಾರ ಬಾಬ್ ಡೀನ್ಸ್ ಅವರ ಟ್ರೈಯನ್ನು (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದನ್ನು) ರೆಫರಿ ಮಾನ್ಯ ಮಾಡದಿದ್ದುದೂ ನಿಜ. ಆದರೆ 35 ಪಂದ್ಯಗಳ ಆ ಪ್ರವಾಸದಲ್ಲಿ ತಂಡ ಸೋತದ್ದು ಅದೊಂದೇ ಪಂದ್ಯವನ್ನು. ಗಳಿಸಿದ್ದು 976 ಅಂಕ, ಬಿಟ್ಟುಕೊಟ್ಟದ್ದು ಬರೀ 59.

ನಾಯಕರಾಗಿ ಅವರು ಆಡುತ್ತಿದ್ದ ವಿಂಗ್ ಫಾರ್ವರ್ಡ್ ಸ್ಥಾನದ ಬಗ್ಗೆ ಲೇಖನ ಇನ್ನಷ್ಟು ಹೇಳಬೇಕಿತ್ತು. ನ್ಯೂಜಿಲೆಂಡಿನವರು ಏಳೇ ಜನರ ಸ್ಕ್ರಮ್ (ಚೆಂಡಿಗಾಗಿ ಎದುರಾಳಿಗಳನ್ನು ತಲೆಬಾಗಿ ಒಟ್ಟಾಗಿ ತಳ್ಳುವ ಆಟಗಾರರ ಗುಂಪು) ಕಟ್ಟುತ್ತಿದ್ದರು. ಹೊರಗುಳಿದ ಗ್ಯಾಲಹರ್ ಚೆಂಡನ್ನು ಒಳಗೆ ಹಾಕಿ, ಅದು ಹಿಂದಿನಿಂದ ಹೊರಬಂದು ಅಲ್ಲಿ ಕಾದಿರುವ ಹಾಫ್‌ಬ್ಯಾಕ್‌ನ ಕೈಸೇರುವಷ್ಟರಲ್ಲಿ ಎದುರಾಳಿ ನುಗ್ಗಿ ಬರದಂತೆ ಪಕ್ಕದಲ್ಲೇ ಅಡ್ಡ ನಿಂತಿರುತ್ತಿದ್ದರು. ಬ್ರಿಟಿಷ್ ಪತ್ರಿಕೆಗಳು ಇದನ್ನು ಮೋಸವೆಂದೇ ಜರೆದವು. ನಿಯಮದ ಅಂಚಿನಲ್ಲಿ ಆಡಿದ ಜಾಣತನವೆಂದರೆ ಹೆಚ್ಚು ನ್ಯಾಯವಾದೀತು ಎಂಬುದು ನನ್ನ ಅನಿಸಿಕೆ (ಟೀಕಾಕಾರರ ಸಿಟ್ಟಿನಲ್ಲಿ ಸೋಲಿನ ಸಂಕಟವೂ ಸ್ವಲ್ಪ ಬೆರೆತಿತ್ತೇನೋ). ಆ ಸ್ಥಾನ 1930ರ ದಶಕದ ಆರಂಭದಲ್ಲಿ ಆಟದಿಂದಲೇ ಮರೆಯಾಯಿತು.

ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಜಿಲೆಂಡಿಗೆ ವಲಸೆ ಹೋಗಿ, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದ ಮೇಲಷ್ಟೇ, ಅಂದರೆ 1903ರಲ್ಲಿ, ರಾಷ್ಟ್ರೀಯ ತಂಡ ಸೇರಿದ ಅವರು ಆಡಿದ್ದು ರಾಷ್ಟ್ರಗಳ ನಡುವಿನ ಪಂದ್ಯಗಳಾದ ಟೆಸ್ಟ್‌ಗಳ ಪೈಕಿ ಕೇವಲ ಆರು ಟೆಸ್ಟ್‌ಗಳು. ಮೊದಲ ಮಹಾಯುದ್ಧದಲ್ಲಿ, 1917ರ ಅಕ್ಟೋಬರ್ 4ರಂದು ಬೆಲ್ಜಿಯಂನ ಪ್ಯಾಶನ್‌ಡೇಲ್ ಕದನದಲ್ಲಿ ಮಡಿದದ್ದನ್ನು ಲೇಖಕರು ವಿವರವಾಗಿ ಬರೆದಿದ್ದಾರೆ. ಅದಕ್ಕೂ ಮುನ್ನ, 1907ರಿಂದ 1914ರವರೆಗೆ ಅವರು ರಾಷ್ಟ್ರೀಯ ತಂಡದ ಆಯ್ಕೆಗಾರರಾಗಿದ್ದ ಅವಧಿಯ ಬಗ್ಗೆಯೂ ಎರಡು ಮಾತು ಸೇರಿಸಬಹುದಿತ್ತು.