ವ್ಯಾನ್ ಗೋ ಮ್ಯೂಸಿಯಂಗೆ ಹೊರಡುವ ಮುನ್ನ

ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ಚಿತ್ರಗಳಿರುವ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂ ನೋಡಲು ಹೊರಟವರಿಗೆ ಕೆಲವು ಮಾತು. ಅಲ್ಲಿ ಟಿಕೆಟ್ ಸಿಗುವುದು ಆನ್‌ಲೈನ್‌ನಲ್ಲಿ ಮಾತ್ರ, ಒಳಹೋಗುವ ಸಮಯವನ್ನೂ ಆಗಲೇ ಆರಿಸಬೇಕು. ಆತನ ಹೆಸರಾಂತ ಚಿತ್ರ 'ನಕ್ಷತ್ರಗಳ ರಾತ್ರಿ'ಯನ್ನು ಅಲ್ಲಿ ಹುಡುಕಬೇಡಿ, ಅದಿರುವುದು ನ್ಯೂಯಾರ್ಕ್‌ನಲ್ಲಿ. 1888ರ 'ಮಲಗುವ ಕೋಣೆ' ಚಿತ್ರದ ಮುಂದೆ ಮಾತ್ರ ದಯವಿಟ್ಟು ನಿಂತು ನೋಡಿ. ಈಗ ತಿಳಿನೀಲಿ ಕಾಣುವ ಆ ಗೋಡೆಗಳನ್ನು ಆತ ಬರೆದದ್ದು ನೇರಳೆಯಲ್ಲಿ. ಬೆರೆಸಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಗಿ ನೀಲಿಯಷ್ಟೇ ಉಳಿದಿದೆ. ಹಾಗಾಗಿಯೇ ಇಂಥ ಚಿತ್ರಗಳಿಗೆ ಮಂದ ಬೆಳಕು; ಹೊರಗಿಂದ ಬಂದ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬಿಡಿ. ಬಣ್ಣ ಎಷ್ಟು ದಪ್ಪ ಮೆತ್ತಿದ್ದಾನೆಂದು ತಿಳಿಯಬೇಕಾದರೆ ಎದುರಿಗಿಂತ ಪಕ್ಕಕ್ಕೆ ಸರಿದು ಓರೆಯಾಗಿ ನೋಡುವುದೇ ಸರಿ. ಇನ್ನೊಂದು ದಿನ ಕೈಯಲ್ಲಿದ್ದರೆ ನೆದರ್ಲೆಂಡ್ಸ್‌ನದೇ ಓಟರ್ಲೋ ಹಳ್ಳಿಯ ಕ್ರೊಲ್ಲರ್-ಮ್ಯುಲ್ಲರ್ ಮ್ಯೂಸಿಯಂ ಖಂಡಿತ ಬಿಡಬೇಡಿ, ವ್ಯಾನ್ ಗೋ ಬರೆದ, ರಾತ್ರಿ ದೀಪ ಹೊತ್ತಿದ ಕೆಫೆ ಜಗಲಿಯ ಚಿತ್ರ ಅಲ್ಲಿನ ಸಂಗ್ರಹದ್ದು.